ನೀರುಗಂಟಿ ನಿಲ್ಲುತ್ತಿದ್ದ ಬದು

ಮಧುಗಿರಿಗೂ ಕೊರಟಗೆರೆಗೂ ನಡುವಿನ ನಮ್ಮೂರಿನಲ್ಲಿ ಕೆರೆಯ ತೂಬಿನ ಬಿರಡೆ ಎತ್ತಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯ ಕೆಲಸ ಚಿಕ್ಕಹನುಮಯ್ಯನದು. ಅದಕ್ಕಾಗಿ ಬಿಟ್ಟ ಇನಾಂ ಹೊಲದಲ್ಲೇ ಅವನ ಸಂಸಾರ ಸಾಗಬೇಕು. ನೀರು ಕದ್ದ ನೀರುಗಂಟಿಗೆ ನಮ್ಮಲ್ಲಿ ದೇವರ ದೀಪದ ಎಣ್ಣೆ ದಂಡ, ಅಷ್ಟೇ; ಕೆಲಸ ಉಳಿಯುತ್ತದೆ. ಬಿರಡೆ ಎತ್ತಲಾರದವನಿಗೆ ಕೆಲಸವೂ ಇಲ್ಲ, ಹೊಲವೂ ಇಲ್ಲ.

ಹರೆಯದಲ್ಲಿ ಅವನು ಸುಣ್ಣದ ಗೂಡುಗಳಲ್ಲಿ ಹೊಗೆ, ದೂಳು ಕುಡಿದು ದುಡಿದಿದ್ದ. ೧೯೩೨ರ ಮಾಗಿಯ ವೇಳೆಗೆ ಅವನ ತೋಳು, ತೊಡೆ ಬತ್ತಿಹೋಗಿದ್ದವು. ಕಾರಣ ಕೇಳಿದರೆ "ಉಪವಾಸ ಸ್ವಾಮಿ" ಎನ್ನುತ್ತಿದ್ದ. ಅವನು ಹೇಳುವಷ್ಟು ಉಪವಾಸ ಪಂಚಾಂಗದಲ್ಲಿರಲಿಲ್ಲ.

ಕಾಲುವೆಯ ಕೊನೆಯಲ್ಲಿ ಗದ್ದೆಯಿದ್ದ ಅಡವಯ್ಯನಿಗೆ ಬೇರೆಯದೇ ಗುಮಾನಿ. ವಿಧವೆ ಕರಿಬಸಮ್ಮನ ಬದುವಿನಲ್ಲಿ ಚಿಕ್ಕಹನುಮಯ್ಯ ದಿನವೂ ಗಡಿಕಲ್ಲಿನ ಮೇಲೆ ಬಗ್ಗಿ ಬಹಳ ಹೊತ್ತು ನಿಲ್ಲುತ್ತಿದ್ದ.

"ಬಗ್ಗಿ ಪೂಜೆ ಮಾಡ್ತಾನಾ ಮೇಷ್ಟ್ರೇ? ಮಡೆ ಒಡೆದು ಅವಳ ಗದ್ದೆಗೆ ನೀರು ತಿರುಗಿಸ್ತಾನೆ!" ಎಂದ ಅಡವಯ್ಯ. ದೂರದಿಂದ ನನಗೂ ಹಾಗೆಯೇ ಕಂಡಿತ್ತು.

ಚಾವಡಿಯಲ್ಲಿ ಪಂಚಾಯಿತಿ ಸೇರಿತು. "ಏನ್ಲಾ, ಕರಿಬಸಮ್ಮನ ಗದ್ದೆಗೆ ಕದ್ದು ನೀರು ಬುಟ್ಟೇನ್ಲಾ?" ಎಂದರು ಪಂಚರು.

"ಹೂಂ ಸ್ವಾಮಿ, ಬುಟ್ಟೆ. ದಂಡ ಹಾಕಿ."

ಆ ಒಪ್ಪಿಗೆ ತೀರ ಸಲೀಸಾಗಿ ಬಂದಿತ್ತು. ಅಷ್ಟರಲ್ಲಿ ಕರಿಬಸಮ್ಮ ಸೆರಗು ಸಿಕ್ಕಿಸಿ ಎದ್ದಳು.

"ಥೂ, ಸುಳ್ಬುರುಕ! ನನ್ನ ಗದ್ದೆ ಬಾಯಿ ಬುಟ್ಕೊಂಡು ಬಿದ್ದೈತೆ, ಬಂದು ನೋಡ್ರಪ್ಪ. ನೀರಂತೆ! ಕಲ್ಲು ತಬ್ಕೊಂಡು ಕಮ್ಮಾರನ ತಿದಿಯಂಗೆ ಬುಸುಗುಡ್ತಾನೆ. ನಡೆಯಾಕೇ ಉಸಿರಿಲ್ಲ ಇವನಿಗೆ, ಮಡೆ ಹೆಂಗೆ ಒಡೀತಾನೆ?"

"ನಾಟಕ ಕಣಮ್ಮ," ಎಂದ ಅಡವಯ್ಯ. "ದಮ್ಮು ಅಂದ್ಬುಟ್ರೆ ಬುಟ್ಬುಡ್ತೀವಾ? ನಡೀಲಾ ಕೆರೆಗೆ, ಬಿರಡೆ ಎತ್ತು ನೋಡನ."

ಎಲ್ಲರೂ ಹೋದೆವು. ಏರಿ ಹತ್ತುವಷ್ಟರಲ್ಲೇ ಚಿಕ್ಕಹನುಮಯ್ಯ ಹಲವು ಸಲ ಮಂಡಿಗೆ ಕೈಯೂರಿ ನಿಂತ. ಬಿರಡೆಯ ಕೋಲು ಹಿಡಿದು ಜಗ್ಗಿದ. ತುಟಿ ನೀಲಿಗಟ್ಟಿತು, ಕೋಲು ಕದಲಲಿಲ್ಲ.

"ಬೇಕಂತ್ಲೇ ಎತ್ತಿಲ್ಲ," ಎಂದ ಅಡವಯ್ಯ. ಅಲ್ಲಿಯೇ ಕೆಲಸವನ್ನೂ ಹೊಲವನ್ನೂ ಅವನ ದಾಯಾದಿ ದೊಡ್ಡರಂಗಪ್ಪನಿಗೆ ವಹಿಸಲಾಯಿತು.

ಜನ ಚದುರಿದ ಮೇಲೆ ಕರಿಬಸಮ್ಮ ಏರಿಯ ಮೇಲೆ ಅವನ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಳು. "ಇಂಗೆ ದಂಡ ಕಟ್ಟಿ ಕೆಲ್ಸ ಉಳಿಸ್ಕಂತೀನಿ ಅಂತ ನನಗೆ ಮೊದ್ಲೇ ಯಾಕ್ಲಾ ಹೇಳ್ಲಿಲ್ಲ?"

ಉಸಿರು ಸಿಕ್ಕುವವರೆಗೆ ಅವನು ಕಾದ. "ಹೇಳಿದ್ರೆ... ಕಳ್ಳನ ಜೊತೆಗಾತಿ ಅನ್ನಿಸ್ಕೊಂಡು ಸುಮ್ಕಿರ್ತಿದ್ರಾ ಅವ್ವಾ?"