ಸೀಸಕ್ಕೆ ತಗುಲಿದ ಕರ್ಪೂರ

ಅರಕೆರೆಯ ಹೊನ್ನಪ್ಪನವರ ಮಗ ಚಲುವರಾಜು ನನ್ನ ಓರಗೆಯವನು. ಮೈಸೂರಿನ ಒಂದು ಲ್ಯಾಬಿನಲ್ಲಿ ವರ್ಷಗಟ್ಟಲೆ ಸೀಸದ ಹಿಂದೆ ಬಿದ್ದಿದ್ದ. “ಪಾತ್ರೆಗೆ ಕಲಾಯಿ ಆಕ್ತಾನಂತೆ” ಎಂದು ಊರಿನವರು ನಗುತ್ತಿದ್ದರು. ಪೂರ್ತಿ ಸುಳ್ಳೇನಲ್ಲ. ಕಂಪ್ಯೂಟರಿಗೆ ಬಳಸುವ ಸಿಲಿಕಾನ್ ಬಿಲ್ಲೆಯ ಮೇಲೆ ಅವನು ಸೀಸದ ಆವಿ ಕೂರಿಸುತ್ತಿದ್ದ, ಕೆಲವೇ ಪರಮಾಣುಗಳಷ್ಟು ತೆಳ್ಳಗೆ. ವಿಪರೀತ ತಣ್ಣಗಾದ ಸೀಸದಲ್ಲಿ ಕರೆಂಟು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಅಷ್ಟು ತೆಳುವಾದರೂ ಆ ಗುಣ ಉಳಿಯುತ್ತದೆಯೇ? ಉತ್ತರ ಸಿಕ್ಕರೆ ಪಿಎಚ್.ಡಿ., ಇಲ್ಲದಿದ್ದರೆ ಇಲ್ಲ.

೧೯೯೬ರ ದಸರಾ ಹೊತ್ತಿಗೆ ಅವನ ಅವಧಿ ಮುಗಿಯುತ್ತ ಬಂದಿತ್ತು. ತಣ್ಣಗಾಗಿಸುವ ದ್ರವ ಹೀಲಿಯಂ ಬೆಂಗಳೂರಿನಿಂದ ಇನ್ನೊಂದೇ ಸಲ ಬರುವುದಿತ್ತು. ಆಯುಧಪೂಜೆಯ ದಿನ ಹೊಸ ಬಿಲ್ಲೆ ಇಡಲು ಯಂತ್ರದ ಉಕ್ಕಿನ ಪೆಟ್ಟಿಗೆ ತೆರೆದಿದ್ದ. ಆಗಲೇ ಹೊನ್ನಪ್ಪನವರು ಬಂದರು. ಊರಲ್ಲಿ ಪಂಪ್‌ಸೆಟ್ಟು, ಟ್ರಾಕ್ಟರಿನ ಪೂಜೆ ಮುಗಿಸಿ, ಬೂದುಗುಂಬಳ ಹೊತ್ತುಕೊಂಡು ಬಸ್ಸು ಹತ್ತಿದ್ದರು.

“ನಿನ್ ಮಿಷಿನ್ನು ಮಾತ್ರ ಯಾಕ್ಲಾ ಬರೀ ಅಣೇಲಿರ್ಬೇಕು?”

ಆ ಪೆಟ್ಟಿಗೆಯೊಳಗೆ ಬೆರಳಿನ ಜಿಡ್ಡು ತಗುಲಿದರೂ ಪ್ರಯೋಗ ಕೆಡುತ್ತದೆ. ಹೇಳಬಹುದಿತ್ತು. ಆದರೆ ಅಪ್ಪ ಮಗನ ಕೆಲಸದ ಜಾಗಕ್ಕೆ ಬಂದದ್ದೇ ಮೊದಲ ಸಲ, ದೇವಸ್ಥಾನವೆಂಬಂತೆ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಪಂಪಿಗೆ ಮಾಡುವ ಹಾಗೆಯೇ ಪೆಟ್ಟಿಗೆಯ ತೆರೆದ ಬಾಯಿಗೆ ಕುಂಕುಮ ಇಟ್ಟು, ಕರ್ಪೂರ ಹಚ್ಚಿ ಬೆಳಗಿದರು. ಹೊಗೆ ನೇರ ಒಳಗೆ ಹೋಯಿತು. ಮಗ ಕೈಮುಗಿದು ನಿಂತಿದ್ದ. ಇದನ್ನು ಅವನು ನನ್ನೊಬ್ಬನಿಗೆ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಒಂದು ಮಾತು ಆಡಲು ಏನಾಗಿತ್ತು ಅವನಿಗೆ?

ಆಮೇಲೆ ಒರೆಸಿದ, ತೊಳೆದ, ಪೆಟ್ಟಿಗೆಯನ್ನು ವಾರಗಟ್ಟಲೆ ಕಾಯಿಸಿದ. ಕೊಳೆ ಪೂರ್ತಿ ಹೋಗಲಿಲ್ಲ. ಹೀಲಿಯಂ ಬಂತು. ಅದು ಇಟ್ಟುಕೊಳ್ಳುವ ವಸ್ತುವಲ್ಲ, ಆವಿಯಾಗಿ ಹೋಗುತ್ತದೆ. ಇದ್ದ ಸ್ಥಿತಿಯಲ್ಲೇ ಅಳೆದ. ಸೀಸ ಗಂಟುಗಂಟಾಗಿ ಕೂತಿತ್ತು, ಕರೆಂಟು ತಡೆಯಿಲ್ಲದೆ ಹರಿಯಲೇ ಇಲ್ಲ. ಅದು ತೆಳು ಸೀಸದ ಗುಣವೋ ಕೊಳೆಯ ಕೆಲಸವೋ ಹೇಳುವಂತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಂತ್ರ ಇನ್ನೊಬ್ಬ ವಿದ್ಯಾರ್ಥಿಯ ಪಾಲಾಯಿತು.

ಈಗ ಪಾಂಡವಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತಾನೆ. ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ, ತಲೆಗೆ ಹತ್ತಲಿಲ್ಲ ಎನ್ನುತ್ತಾನೆ.

ಹೋದ ತಿಂಗಳು ಅವರ ಜಗಲಿಯಲ್ಲಿ ನಾನೂ ಇದ್ದೆ. ಹೊನ್ನಪ್ಪನವರು ಕಣ್ಣೊರೆಸಿಕೊಂಡು ಮಗನಿಗೆ ಹೇಳಿದರು: “ಮೊದಲ್ನೇ ವರ್ಸದಿಂದ್ಲೇ ನಾನ್ ಬಂದು ಪೂಜೆ ಮಾಡಿದ್ರೆ ಇಂಗಾಯ್ತಿರ್ನಿಲ್ಲ ಕಣ್ಲಾ. ತಡ ಮಾಡ್ಬುಟ್ಟೆ.”

“ನಿಂದೇನೂ ತಪ್ಪಿಲ್ಲ ಬುಡಪ್ಪ” ಎಂದ ಚಲುವರಾಜು.