ಉಳಿದ ಅರ್ಧ ದಾರಿ

ನಮ್ಮ ಕಾಶೀಬಾಯಿ ಅತ್ತಿ ನಾಗರಪಂಚಮಿಗೆ ತವರಿಗೆಂದು ಹೊರಟರೆ ಎಂದೂ ಮನೆ ಮುಟ್ಟುತ್ತಿರಲಿಲ್ಲ. ಹೊರಡುವುದೇನೋ ಖರೆ. ಒಳ್ಳೆಯ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು, ಚಿಂಚೋಳಿ ತಾಲೂಕಿನ ಐನಾಪುರದಿಂದ ಮುಂಜಾನೆಯ ಬಸ್ಸಿಗೇ ಹತ್ತುತ್ತಿದ್ದಳು. ಇತ್ತ ಶಹಾಬಾದದ ನಮ್ಮ ಮನೆಯಲ್ಲಿ ಅಪ್ಪ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಅವಳು ನಡುದಾರಿಯಲ್ಲಿ ಎಲ್ಲೋ ಇಳಿದು, ಸಂಜೆಯವರೆಗೆ ಅಲ್ಲೇ ಕೂತು, ಬಂದ ದಾರಿ ಹಿಡಿದು ತಿರುಗಿ ಹೋಗುತ್ತಿದ್ದಳು. ಬಸ್ಸು ಕೆಟ್ಟಿತೇ, ಕಾಲು ನೋಯಿತೇ, ಮರೆವು ಬಂತೇ ಎಂದು ಕೇಳಬೇಡಿ. ಅತ್ತಿಗೆ ದಾರಿ ಚೆನ್ನಾಗಿ ಗೊತ್ತಿತ್ತು. ಅವಳು ತನ್ನ ತಮ್ಮನ ಮೇಲೆ, ಅಂದರೆ ನನ್ನ ಅಪ್ಪನ ಮೇಲೆ, ಸೇಡು ತೀರಿಸಿಕೊಳ್ಳುತ್ತಿದ್ದಳು.

ಅತ್ತಿ ಉದ್ದನೆಯ ಆಳು, ತೊಗರಿ ಕಟ್ಟಿಗೆಯಂಥ ಗಟ್ಟಿ ಕೈ. ಅವಳು ನಡೆಯತೊಡಗಿದರೆ ಜೊತೆಗಿದ್ದವರು ಓಡಬೇಕು. ಐನಾಪುರದಲ್ಲಿ ಆಳುಗಳು ಹೊಲಕ್ಕೆ ಎಷ್ಟು ಮುಂಚೆ ಹೊರಟಿದ್ದರೂ ಹಿಂದಿನಿಂದ ಬಂದು, ಎಲ್ಲರನ್ನೂ ದಾಟಿ, ಬದುವಿನ ಮೇಲೆ ಬುತ್ತಿ ಇಳಿಸಿ, ಇಷ್ಟು ಹೊತ್ತು ಎಲ್ಲಿ ಮಲಗಿದ್ರಿ ಎಂದು ಕೇಳುತ್ತಿದ್ದಳಂತೆ. ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಶಹಾಬಾದ ಕಲ್ಲಿನ ವ್ಯಾಪಾರದಲ್ಲಿ ನಾಲ್ಕು ಜನ ಮರ್ಯಾದೆ ಕೊಡುವಷ್ಟು ದೊಡ್ಡವನಾದ ಮೇಲೂ ಅಪ್ಪ ಅಕ್ಕನೆದುರು ಕುರ್ಚಿಯ ಅಂಚಿನ ಮೇಲೇ ಕೂರುತ್ತಿದ್ದ. ಅವರಿಬ್ಬರ ನಡುವೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು, ಅದಕ್ಕೇ ಇಷ್ಟು ಹೇಳಿದೆ.

ಅಜ್ಜಿ ತೀರಿಹೋದ ದಿನ ನಾನು ಮನೆಯಲ್ಲಿದ್ದೆ. ಆಗ ಡಿಗ್ರಿ ಓದುತ್ತಿದ್ದ ಹುಡುಗಿ. ಸುದ್ದಿ ಕೇಳಿದ ಕೂಡಲೇ ಅತ್ತಿ ಐನಾಪುರ ಬಿಟ್ಟಳು. ಸೇಡಂನಿಂದ ಫೋನ್ ಮಾಡಿ, ಅರ್ಧ ದಾರಿ ಬಂದೀನಿ, ಅವ್ವನ ಮುಖ ನೋಡೋತನಾ ಎತ್ತಬ್ಯಾಡ್ರಿ ಎಂದಳು. ಚಿತ್ತಾಪುರದಲ್ಲಿ ಅವಳ ಬಸ್ಸು ಕೆಟ್ಟು ನಿಂತಿತು. ಅಲ್ಲಿಂದ ಮತ್ತೆ ಫೋನ್. ಅಪ್ಪ ನನ್ನ ಕಣ್ಣೆದುರಿಗೇ, "ಬಾ ಅಕ್ಕಾ, ಕಾಯ್ತೀವಿ" ಎಂದ. ಹೊತ್ತು ಇಳಿಯುತ್ತಿತ್ತು. ದೂರದಿಂದ ಬಂದ ಬೀಗರು ಗಡಿಯಾರ ನೋಡತೊಡಗಿದ್ದರು. ಅಪ್ಪನಿಗೆ ಅವರ ದಾಕ್ಷಿಣ್ಯ. ಫೋನ್ ಜೇಬಿಗಿಟ್ಟು, ಅಂಗಳದಲ್ಲಿ ಕೂತ ಹಿರಿಯರ ಕಡೆ ತಿರುಗಿ, ಗಿರಾಕಿಗಳ ಮುಂದೆ ತೆಗೆಯುವ ಆ ಜಾಣ ದನಿಯಲ್ಲಿ ಮಾತಾಡಿದ.

"ಸೇಡಂದಾಗ ಇದ್ದಾಗ ಅರ್ಧ ದಾರಿ ಉಳದದ ಅಂದಳು. ಈಗ ಚಿತ್ತಾಪುರದಾಗ ಇದ್ದಾಳ, ಉಳದಿದ್ದರಾಗ ಅರ್ಧ ಉಳದದ. ವಾಡಿಗಿ ಬಂದ್ರ ಮತ್ತ ಅದರಾಗ ಅರ್ಧ. ಹಿಂಗ ಅರ್ಧ ಅರ್ಧ ಉಳಕೋತ ಹೋದ್ರ ಆಕಿ ಮುಟ್ಟೋದು ಯಾವಾಗ, ನಾವು ಏಳೋದು ಯಾವಾಗ? ಏಳ್ರಿ, ಎತ್ರಿ."

ಒಬ್ಬಿಬ್ಬರು ನಕ್ಕರು. ಹೆಣದ ಮುಂದೆ ಕೂತು ನಕ್ಕರು. ನಾನು, ಅಪ್ಪಾ, ಕಾಯ್ತೀವಿ ಅಂತ ಮಾತು ಕೊಟ್ಟಿಯಲ್ಲ ಎಂದೆ. ನನ್ನ ರಟ್ಟೆ ಹಿಡಿದು ಒಳಗೆ ಕಳಿಸಿದರು.

ಎಲ್ಲರೂ ಮಣ್ಣಿಗೆ ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದೆ. ಅತ್ತಿಯ ಆಟೋ ಬಂತು. ಬರಿದಾದ ಅಂಗಳ ನೋಡಿದ ಕೂಡಲೇ ಅವಳಿಗೆ ತಿಳಿಯಿತು, ಕೆಳಗಿಳಿಯಲೇ ಇಲ್ಲ. ನಾನು ಅದೇ ಆಟೋ ಹತ್ತಿದೆ. ಸ್ಮಶಾನದ ದಾರಿಯುದ್ದಕ್ಕೂ ಅಪ್ಪ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಹೇಳಬಾರದಿತ್ತು ಎಂದು ಆಮೇಲೆ ಮನೆಮಂದಿಯೆಲ್ಲ ಬೈದರು. ನನಗೆ ಇವತ್ತಿಗೂ ಹಾಗೆ ಅನ್ನಿಸಿಲ್ಲ.

ನಾವು ಮುಟ್ಟುವ ಹೊತ್ತಿಗೆ ಕುಣಿ ಮುಚ್ಚಿಯಾಗಿತ್ತು. ಅತ್ತಿ ಅಳಲಿಲ್ಲ. ಹಸಿ ಮಣ್ಣಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಕೈ ಜಾಡಿಸಿಕೊಂಡು, ಆ ಲೆಕ್ಕ ಇನ್ನೊಮ್ಮೆ ಹೇಳು ಎಂದು ಅಪ್ಪನನ್ನು ಕೇಳಿದಳು.

"ಲೆಕ್ಕ ಛಲೋ ಅದ ತಮ್ಮಾ," ಎಂದಳು. "ಇನ್ ಮ್ಯಾಲ ನಿನ್ನ ಮನಿಗಿ ನಾ ಅದೇ ಲೆಕ್ಕದಾಗ ಬರ್ತೀನಿ. ಪ್ರತಿ ಪಂಚಮಿಗಿ, ಎಷ್ಟು ದಾರಿ ಉಳದದೋ ಅದರಾಗ ಅರ್ಧ. ನೀ ಕಾಯಿ."

ಸಿಟ್ಟಿನ ಮಾತು, ಮಣ್ಣಿನ ಹಸಿ ಆರಿದರೆ ಇದೂ ಆರುತ್ತದೆ ಎಂದುಕೊಂಡ ಅಪ್ಪ. ಅಕ್ಕನ ಕೈಯಲ್ಲಿ ಬೆಳೆದೂ ಅವಳನ್ನು ತಿಳಿದಿರಲಿಲ್ಲ ಅವನು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರದಿದ್ದರೆ ಓಣಿಯ ಜನ ತವರಿನವರನ್ನೇ ನೋಡುತ್ತಾರೆ, ಇವರು ಏನು ಮಾಡಿದರೋ ಎಂದು. ಮೊದಲ ವರ್ಷ ಕರೆಯಲು ಹೊರಟ ಅಪ್ಪನಿಗೆ, ನೀ ಬರಬ್ಯಾಡ, ನಾನೇ ಬರ್ತೀನಿ ಎಂದು ಹೇಳಿಕಳಿಸಿದಳು. ಅಪ್ಪ ಹಿಗ್ಗಿ ಹೀರೆಕಾಯಿಯಾದ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಹೊಸ ಸೀರೆ. ಮಧ್ಯಾಹ್ನ ಫೋನ್ ಬಂತು. ಸೇಡಂ ಬಸ್ ಸ್ಟ್ಯಾಂಡಿನಾಗ ಕುಂತೀನಿ, ಅರ್ಧ ದಾರಿ ಆಯ್ತು, ಕಾಯಿ ಎಂದಳು. ಅಪ್ಪ ದೀಪ ಹಚ್ಚುವವರೆಗೂ ಕಾದ. ಆಮೇಲೆ ಐನಾಪುರಕ್ಕೆ ಫೋನ್ ಮಾಡಿದರೆ ಅವಳು ಆಗಲೇ ರೊಟ್ಟಿ ತಟ್ಟುತ್ತಿದ್ದಳು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ ಅಡುಗೆಮನೆಗೆ ಹೋಗಿ ಎರಡು ಉಂಡಿ ತಿಂದೆ.

ಮರುವರ್ಷ ಅವಳು ಚಿತ್ತಾಪುರಕ್ಕೆ ಬರುತ್ತಾಳೆಂದು ಲೆಕ್ಕ ಹಾಕಿ ಅಪ್ಪ ನನ್ನನ್ನೂ ಕರೆದುಕೊಂಡು ಅಲ್ಲಿಗೇ ಹೋದ. ಸ್ಟೇಷನ್ನಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ನಮ್ಮನ್ನು ಕಂಡು ಮುಖ ತಿರುಗಿಸಲಿಲ್ಲ, ಅದು ಅವಳ ರೀತಿಯಲ್ಲ. ಬಾ, ಕುಂದ್ರು, ಊಟ ಆಯ್ತೇನು ಎಂದು ಎಲ್ಲ ವಿಚಾರಿಸಿದಳು. ಉಂಡಿ ತಗೊಂಡಳು, ಸೀರೆ ಮುಟ್ಟಲಿಲ್ಲ. ಉಡಿ ತುಂಬಿಸಿಕೊಳ್ಳುವುದು ತವರಿನ ಹೊಸಲಿನ ಒಳಗೆ, ಹೊಸಲು ಮುಟ್ಟಿದ ದಿನ ತುಂಬು ಎಂದಳು. ಆಮೇಲೆ ಒಂದು ಉಂಡಿ ಮುರಿದು ಅರ್ಧ ಅಪ್ಪನ ಕೈಗಿಟ್ಟಳು. ಉಳಿದದ್ದನ್ನು ಮುರಿದು ಅರ್ಧ ನನಗೆ. ಮತ್ತೆ ಮುರಿದು ಅರ್ಧ ಅಪ್ಪನಿಗೆ. ಕೊನೆಗೆ ಬೆರಳ ತುದಿಗೆ ಹತ್ತಿದ ಪುಡಿ ತೋರಿಸಿ, ಇನ್ನೂ ಉಳದದ ನೋಡು ತಮ್ಮಾ ಎಂದಳು.

ನಾನು ಗಣಿತ ಓದುತ್ತಿದ್ದವಳು, ಜಾಣತನ ತೋರಿಸಬೇಕಿತ್ತು. ಅತ್ತಿ, ಅರ್ಧ, ಅದರಾಗ ಅರ್ಧ, ಮತ್ತ ಅದರಾಗ ಅರ್ಧ, ಕೊನಿ ಇಲ್ಲದಂಗ ಕೂಡಿಸ್ತಾ ಹೋದ್ರ ಬರೋಬ್ಬರಿ ಒಂದಾಗ್ತದಂತ ನಮ್ಮ ಪುಸ್ತಕದಾಗ ಅದ ಎಂದೆ. ಅತ್ತಿ ಖುಷಿಯಿಂದ ಕೇಳಿದಳು.

"ಕೊನಿ ಇಲ್ಲದಂಗ ಅಂದ್ರ ಎಷ್ಟು ವರ್ಷ?"

"ಅದಕ್ಕ ವರ್ಷದ ಲೆಕ್ಕ ಇಲ್ಲತ್ತಿ."

"ಇರಲಿ ಬಿಡು, ನನಗೇನು ಗಡಬಡಿ ಇಲ್ಲ. ಗಡಬಡಿ ಇದ್ದಿದ್ದು ನಿಮ್ಮಪ್ಪಗ."

ಹೀಗೆ ಅವಳು ವಾಡಿಗೆ ಬಂದಳು, ನಮ್ಮೂರಿನ ಸ್ಟೇಷನ್ನಿಗೆ ಬಂದಳು, ಪೇಟೆಗೆ ಬಂದಳು, ಓಣಿಯ ತಿರುವಿಗೆ ಬಂದಳು. ಈ ನಡುವೆ ನಾನು ಮದುವೆಯಾಗಿ ಚಿತ್ತಾಪುರಕ್ಕೆ ಹೋದೆ. ಮದುವೆ ಮಂಟಪಕ್ಕೆ ಬಂದು ಕೈ ತುಂಬ ಬಳೆ ಇಡಿಸಿದವಳು ಮನೆಗೆ ಮಾತ್ರ ಬರಲಿಲ್ಲ. ಅಪ್ಪ ಪ್ರತಿವರ್ಷ ಸೀರೆ ತರುತ್ತಿದ್ದ, ಪ್ರತಿವರ್ಷ ಅದು ಕಬ್ಬಿಣದ ಕಪಾಟು ಸೇರುತ್ತಿತ್ತು. ಕಪಾಟು ತೆಗೆದರೆ ನುಸಿಗುಳಿಗೆಯ ವಾಸನೆ. ಓಣಿಯ ಜನಕ್ಕೆ ಇದೊಂದು ಹಬ್ಬದ ತಮಾಷೆಯಾಗಿ ಹೋಯಿತು. ಈ ವರ್ಷ ನಿಮ್ಮ ಅಕ್ಕ ಎಲ್ಲಿಗಿ ಬರ್ತಾಳ್ರಿ ಎಂದು ಗಿರಾಕಿಗಳೂ ಕೇಳುತ್ತಿದ್ದರು. ಜಾಣ ದನಿಯ ಮನುಷ್ಯ ಅಂಗಡಿಯಲ್ಲಿ ಬಾಯಿಬಿಡುವುದನ್ನೇ ಕಡಿಮೆ ಮಾಡಿದ.

ಒಂದು ವರ್ಷ ಗೇಟಿನ ಹೊರಗೆ ಬಂದು ನಿಂತಳು. ಗೇಟಿನ ಮೇಲೆ ಬಾಗಿದ ಬೇವಿನ ಕೊಂಬೆಗೆ ಪಂಚಮಿಯ ಜೋಕಾಲಿ ಕಟ್ಟಿದ್ದರು. ಸೆರಗು ಬಿಗಿದು ಹತ್ತಿಯೇಬಿಟ್ಟಳು. ಆ ವಯಸ್ಸಿನಲ್ಲಿ ಹೇಗೆ ಜೀಕಿದಳೆಂದರೆ, ತೆರೆದ ಗೇಟಿನಿಂದ ಅಂಗಳದೊಳಕ್ಕೆ ಬರುವುದು, ಹೊರಕ್ಕೆ ಹೋಗುವುದು, ಮತ್ತೆ ಒಳಗೆ. ಅಂಗಳದಲ್ಲಿ ನಿಂತ ಅಪ್ಪ ಅವಳು ಒಳಗೆ ಬಂದಾಗಲೆಲ್ಲ ಅರಿಯದೆ ಕೈ ಚಾಚುತ್ತಿದ್ದ. ಒಳಗ ಬಂದಂಗಾಯ್ತಲ್ಲಕ್ಕಾ ಎಂದ, ಆಸೆಯಿಂದ. ಕಾಲು ಊರಿಲ್ಲ ತಮ್ಮಾ ಎಂದು ಹೊರಗೆ ಹೋದಳು. ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಜ್ಜಿಯ ಹೆಣದ ಮುಂದೆ ನಕ್ಕವರಲ್ಲಿ ಒಬ್ಬ ಅಲ್ಲೇ ಇದ್ದ, ಅವನು ಮಾತ್ರ ನಗಲಿಲ್ಲ.

ನಾನು ಅವಳನ್ನು ಕಡೆಯ ಸಲ ಕಂಡದ್ದು ನಮ್ಮ ಬಾಗಿಲ ಪಕ್ಕದ ಕಟ್ಟೆಯ ಮೇಲೆ. ಅಂಗಳ ದಾಟಿ ಅಷ್ಟು ಹತ್ತಿರ ಬಂದಿದ್ದಳು. ನಡಿಗೆಯ ಬಿರುಸು ಹೋಗಿತ್ತು, ಉಸಿರು ಮೇಲುಮೇಲೆ. ಹೊಸಲಿನ ಆಚೆ ಅವಳು, ಈಚೆ ನೆಲದ ಮೇಲೆ ಅಪ್ಪ. ನಡುವೆ ಒಂದು ಗೇಣು ಜಾಗ. ಬರುವ ವರ್ಷ ಆರು ಬೆರಳು ಸರಿಯುತ್ತೇನೆ, ಅದರ ಮುಂದಿನ ವರ್ಷ ಮೂರು ಎಂದು ಅತ್ತಿ ಲೆಕ್ಕ ಹೇಳುತ್ತಿದ್ದಳು. ಅಪ್ಪ ಇದ್ದಕ್ಕಿದ್ದಂತೆ ಅವಳ ಪಾದ ಹಿಡಿದುಕೊಂಡ.

"ಸಾಕು ಮಾಡಕ್ಕಾ. ತಪ್ಪಾಯ್ತು."

ಅತ್ತಿ ಕಾಲು ಎಳೆದುಕೊಳ್ಳಲಿಲ್ಲ. ಅವನ ನರೆತ ತಲೆಯ ಮೇಲೆ ಕೈ ಇಟ್ಟಳು. ಆ ಕೈ ಕೂದಲು ಸವರುತ್ತಲೇ ಇತ್ತು.

"ಅವ್ವನ ಮುಖ ತೋರ್ಸು," ಎಂದಳು. "ಈಗೇ ಸಾಕು ಮಾಡ್ತೀನಿ."

ತೊಗರಿ ರಾಶಿಯ ದಿನಗಳಲ್ಲಿ ಒಂದು ಮುಂಜಾನೆ ಅತ್ತಿಯ ಮಗ ಮಲ್ಲಣ್ಣನ ಫೋನ್ ಬಂತು. ಅತ್ತಿ ಹೋಗಿಬಿಟ್ಟಿದ್ದಳು. ಅಪ್ಪ ಬಾಡಿಗೆ ಕಾರು ಮಾಡಿಕೊಂಡು ಚಿತ್ತಾಪುರಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡ. ಅವನ ತೊಡೆಯ ಮೇಲೆ ಹೊಸ ಸೀರೆ. ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸಬೇಕಲ್ಲ. ಸೇಡಂ ಮುಟ್ಟಿದಾಗ ಮಲ್ಲಣ್ಣನಿಗೆ ಫೋನ್ ಹಚ್ಚಿದ. ಸೇಡಂಕ್ಕ ಬಂದೀವಿ, ಇನ್ನ ಅರ್ಧ ದಾರಿ ಎಂದ. ಆ ಕಡೆಯಿಂದ ಮಲ್ಲಣ್ಣನ ದನಿ ನನಗೂ ಕೇಳಿಸಿತು.

"ಬರ್ರಿ ಮಾಮಾ, ಕಾಯ್ತೀವಿ."

ಅಪ್ಪನ ಮುಖ ಬೂದಿಯಾಯಿತು. ಸೇಡಂ ದಾಟಿದ ಮೇಲೆ ಸಿಮೆಂಟಿನ ಲಾರಿಯೊಂದು ಅಡ್ಡ ಬಿದ್ದು ರಸ್ತೆ ಬಂದಾಗಿತ್ತು. ಹೊತ್ತು ಇಳಿಯುತ್ತಾ ಹೋಯಿತು. ಕಾಯಂಗಿಲ್ಲ ಅವರು, ಎಂದು ಅಪ್ಪ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇನ್ನೊಂದು ತಾಸು, ಇನ್ನರ್ಧ ತಾಸು ಎಂದು ಅವನು ಫೋನಿನಲ್ಲಿ ಬೇಡಿಕೊಳ್ಳುವುದನ್ನು ಕೇಳುತ್ತಾ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಕಾಯಬಾರದು, ಎತ್ತಿಬಿಡಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹೌದು, ಹೆತ್ತ ಅಪ್ಪನ ಪಕ್ಕದಲ್ಲೇ ಕೂತು ಹಾಗೆ ಬಯಸಿದೆ.

ಐನಾಪುರ ಮುಟ್ಟಿದಾಗ ಸಂಜೆಯಾಗಿತ್ತು. ಊರಿಗೆ ಊರೇ ಅಂಗಳದಲ್ಲಿ ಕೂತಿತ್ತು. ಒಬ್ಬರೂ ಎದ್ದಿರಲಿಲ್ಲ, ಒಬ್ಬರೂ ಗಡಿಯಾರ ನೋಡುತ್ತಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಹೂ ಏರಿಸಿ ಕೂರಿಸುತ್ತಾರೆ. ಅತ್ತಿ ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಅಪ್ಪ ಹೊಸಲಿನ ಹತ್ತಿರ ಬಂದವನು ನಿಂತೇಬಿಟ್ಟ. ಹಿಂದಿನಿಂದ ಯಾರೋ ನಡೀರಿ ಎಂದರೂ ಕಾಲು ಏಳಲಿಲ್ಲ. ಅಕ್ಕ ತನ್ನ ದಾರಿ ಕಾಯುತ್ತಾ ಕೂತಿದ್ದನ್ನು ನೋಡುತ್ತಾ ನಿಂತಿದ್ದ.

ಮಲ್ಲಣ್ಣ ಎದ್ದು ಬಂದ. "ಅವ್ವ ಹೇಳಿ ಹೋಗ್ಯಾಳ ಮಾಮಾ. ಎಷ್ಟೇ ಹೊತ್ತಾಗಲಿ, ತಮ್ಮ ಬರೋತನಾ ನನ್ನ ಎತ್ತಬ್ಯಾಡ್ರಿ, ಕಾಯೋದು ಹ್ಯಾಂಗಂತ ಅಂವ ನೋಡ್ಲಿ ಅಂತ."

ಅಪ್ಪ ಸೀರೆ ಮುಂದೆ ಹಿಡಿದ. ಮಲ್ಲಣ್ಣ ದನಿ ತಗ್ಗಿಸಿದ.

"ಮುಖ ನೋಡ್ಲಿ, ಸೀರಿ ಮಾತ್ರ ತಗೋಬ್ಯಾಡ್ರಿ ಅಂದಾಳ."

ಹಿರಿಯರು ಬುದ್ಧಿ ಹೇಳಿದರು, ತವರಿನ ಸೀರೆ ಇಲ್ಲದೆ ಹೆಣ್ಣುಮಗಳನ್ನು ಕಳಿಸಬಾರದು ಎಂದರು. ಮಲ್ಲಣ್ಣ ಕೇಳಲಿಲ್ಲ, ಅವನೂ ಆ ತಾಯಿಯ ಮಗನೇ. ಅತ್ತಿ ಗಂಡನ ಮನೆಯ ಸೀರೆಯಲ್ಲೇ ಹೋದಳು. ಅಪ್ಪ ತಂದ ಸೀರೆಯನ್ನು ಎದೆಗೆ ಅವುಚಿಕೊಂಡೇ ಮೂರು ಹಿಡಿ ಮಣ್ಣು ಹಾಕಿದ.

ಕಾಶೀಬಾಯಿ ತಮ್ಮನನ್ನು ಕ್ಷಮಿಸಿ ಹೋದಳು, ದೊಡ್ಡ ಮನಸ್ಸು ಎಂದು ಎರಡೂ ಊರಿನ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಯದೆ ಎತ್ತಿಸಿದ್ದರೆ ಅಪ್ಪ ಹಗುರಾಗುತ್ತಿದ್ದ. ನಾನು ಮಾಡಿದ್ದನ್ನೇ ಅಕ್ಕನೂ ಮಾಡಿದಳು, ಸರಿಗೆ ಸರಿ ಆಯಿತು ಎಂದು ಒಂದು ದಿನ ನಿದ್ದೆಯಾದರೂ ಮಾಡುತ್ತಿದ್ದ. ಅತ್ತಿ ಅದನ್ನೂ ಅವನಿಗೆ ಉಳಿಸಲಿಲ್ಲ. ಕಪಾಟಿನ ಸೀರೆಗಳನ್ನು ಅವನು ಯಾರಿಗೂ ಕೊಡಗೊಡುವುದಿಲ್ಲ. ಆಗಾಗ ತೆಗೆದು ಬಿಸಿಲಿಗೆ ಹಾಕಿ, ತಾನೇ ಮಡಚಿ ಇಡುತ್ತಾನೆ. ನೋಡಿದರೆ ಕನಿಕರ ಬರುತ್ತದೆ. ಬಂದರೂ ಸಿಟ್ಟು ಹೋಗುವುದಿಲ್ಲ.

ಈ ಪಂಚಮಿಗೆ ನಾನು ಚಿತ್ತಾಪುರದಿಂದ ತವರಿಗೆ ಹೊರಟಿದ್ದೆ. ರೈಲು ಸಿಗ್ನಲ್ ಸಿಗದೆ ವಾಡಿಯ ಹೊರಗೆ ನಿಂತಿತು. ಅಪ್ಪನ ಫೋನ್ ಬಂತು. ಬಾಗಿಲಾಗೇ ಕುಂತೀನಿ ಯವ್ವಾ, ಎಲ್ಲಿಗಿ ಬಂದಿ ಎಂದು ಕೇಳಿದ. ವಾಡಿ ಎನ್ನಬಹುದಿತ್ತು.

"ಅರ್ಧ ದಾರಿ ಬಂದೀನಿ," ಎಂದೆ.

ಫೋನ್ ಕಟ್ಟಾಗಿರಲಿಲ್ಲ, ಅವನ ಉಸಿರು ಕೇಳಿಸುತ್ತಿತ್ತು. ಉಳಿದ ಅರ್ಧ ಬರುತ್ತೀಯಲ್ಲ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಬರುತ್ತೇನೆ ಎಂದು ನಾನೂ ಹೇಳಲಿಲ್ಲ. ಕಾಯಲಿ ಎಂದು ಸುಮ್ಮನೆ ಕೂತೆ.