ಏಳು ನಿಮಿಷ ಹಿಂದಿದ್ದ ಊರು

ನಮ್ಮ ಊರಿನ ಭೋಂಗಾ ಒಂದು ವರ್ಷಕ್ಕೂ ಹೆಚ್ಚು ಕಾಲ, ದಿನಕ್ಕೆ ಮೂರು ಹೊತ್ತು, ಏಳು ನಿಮಿಷ ತಡವಾಗಿ ಕೂಗಿತು. ಹಾಗೆ ಮಾಡಿದವನು ನಾನು. ಇದು ತಪ್ಪು ಎಂದು ಹೇಳಲು ಬಂದ ಒಬ್ಬನೇ ಒಬ್ಬ ಮನುಷ್ಯನಿಗೆ, ಹತ್ತು ಮಂದಿಯ ಮುಂದೆ, ನಿಮ್ಮ ಕಣ್ಣು ಮಂಜಾಗಿವೆ ಎಂದು ಹೇಳಿ ಕಳಿಸಿದವನೂ ನಾನೇ. ಅವರು ಗಡಿಯಾರ ರಿಪೇರಿ ಮಾಡುವವರು. ಅಂಥವರಿಗೆ ಕಣ್ಣು ಹೋಗಿವೆ ಎನ್ನುವುದೆಂದರೆ — ಏನೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಊರಿನ ಹೆಸರು ಬರೆಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು ಎಂದರೆ ಸಾಕು. ತಪ್ಪು ನನ್ನದು, ಕಚೇರಿಯದಲ್ಲ, ಊರಿನದಂತೂ ಅಲ್ಲ. ನಾನು ಮಾಳಪ್ಪ, ಅಲ್ಲಿಯ ಪುರಸಭೆಯಲ್ಲಿ ಸಿಪಾಯಿಯಾಗಿದ್ದೆ. ಬಾಗಿಲು ತೆರೆಯುವುದು, ಕಾಗದ ಮುಟ್ಟಿಸುವುದು, ಸಾಹೇಬರಿಗೆ ಚಹಾ ತರುವುದು — ಮತ್ತು ಭೋಂಗಾ ಹೊಡೆಯುವುದು. ಭೋಂಗಾ ಎಂದರೆ ಪುರಸಭೆಯ ಮಾಳಿಗೆಯ ಮೇಲಿನ ಸೈರನ್ನು. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ. ಪಡಸಾಲೆಯ ಗೋಡೆಯ ಮೇಲೆ ಒಂದು ಲೋಲಕದ ಗಡಿಯಾರ, ಅದರ ಕೆಳಗೆ ಒಂದು ಕೆಂಪು ಗುಂಡಿ, ಗುಂಡಿಯ ಮೇಲೆ ನನ್ನ ಹೆಬ್ಬೆರಳು. ಇಷ್ಟೇ ನನ್ನ ಅಧಿಕಾರ. ಆದರೆ ಇಡೀ ಪುರಸಭೆಯಲ್ಲಿ ಊರು ತಪ್ಪದೆ ಪಾಲಿಸುತ್ತಿದ್ದ ಆಜ್ಞೆ ಅದೊಂದೇ!

ಎಂಟರ ಭೋಂಗಾ ಆದರೆ ನೇಕಾರರು ಮಗ್ಗಕ್ಕೆ ಕೂಡುತ್ತಿದ್ದರು. ಹನ್ನೆರಡರ ಭೋಂಗಾ ಆದರೆ ರೊಟ್ಟಿಗೆ ಏಳುತ್ತಿದ್ದರು. ಮಗು ಹುಟ್ಟಿದ್ದನ್ನು ಬರೆಸಲು ಬಂದವರಿಗೆ ಎಷ್ಟು ಹೊತ್ತಿಗೆ ಹುಟ್ಟಿತು ಎಂದು ಕೇಳಿದರೆ, "ಮಧ್ಯಾಹ್ನದ ಭೋಂಗಾ ಆಗಿ ಒಂದ ಚಹಾ ಕುಡಿಯೂಷ್ಟ ಹೊತ್ತಿಗೆರಿ" ಎನ್ನುತ್ತಿದ್ದರು. ಮನೆಮನೆಯ ಗಡಿಯಾರ, ಶಾಲೆಯ ಗಂಟೆ, ವಾಚನಾಲಯದ ಬಾಗಿಲು, ಎಲ್ಲ ಭೋಂಗಾಕ್ಕೆ ಜೋಡಿ.

ಬಾಗಲಕೋಟೆ ಹೊಸ ಜಿಲ್ಲೆಯಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ ಅದು. ನಾನಿನ್ನೂ ದಿನಗೂಲಿ ಸಿಪಾಯಿ, ಖಾಯಂ ಆಗುವ ಕಾಗದದ ದಾರಿ ಕಾಯುತ್ತಿದ್ದೆ. ತಡವಾಗಿ ಬಂದು ಎರಡು ಸಲ ಬೈಸಿಕೊಂಡಿದ್ದೆ. "ಇನ್ನೊಮ್ಮಿ ತಡಾ ಆದ್ರ ನಿನ್ನ ಹೆಸರು ಆ ಕಾಗದದಾಗ ಇರೂದಿಲ್ಲ ನೋಡು" ಎಂದು ಸಾಹೇಬರು ಬೆರಳೆತ್ತಿ ಹೇಳಿದ್ದರು. ಇಷ್ಟಾಗಿಯೂ ಮೂರನೆಯ ಸಲ ತಡವಾಯಿತು — ಯಾವ ದೊಡ್ಡ ಕಾರಣಕ್ಕೆ? ಅವ್ವನಿಗೆ ಜ್ವರವೇ? ಸೈಕಲ್ ಪಂಕ್ಚರೇ? ಇಲ್ಲ. ಮಿರ್ಚಿ ಭಜಿ. ಅಂಗಡಿಯಲ್ಲಿ ಒಂದು ತಟ್ಟೆ ಚುರುಮುರಿ ಮುಗಿದಿತ್ತು, ಮುಂದಿನ ಮಿರ್ಚಿ ಎಣ್ಣೆಯಿಂದ ಮೇಲೇಳುವುದರಲ್ಲಿತ್ತು, ಬಿಟ್ಟು ಏಳಲು ಮನಸ್ಸಾಗಲಿಲ್ಲ. ಬಾಯಿ ಸುಟ್ಟುಕೊಂಡು ಓಡಿ ಬಂದು ಗುಂಡಿ ಒತ್ತಿದಾಗ ಎಂಟು ಹೊಡೆದು ಏಳು ನಿಮಿಷ.

ಸಾಹೇಬರ ಕ್ವಾರ್ಟರ್ಸು ಕಚೇರಿಯ ಬೆನ್ನಿಗೇ ಇತ್ತು. ಅವರ ಚಪ್ಪಲಿ ಸಪ್ಪಳ ಕೇಳಿಸಿತು. ನಾನು ಸ್ಟೂಲ್ ಹತ್ತಿದೆ, ಗಾಜು ತೆರೆದೆ, ಮುಳ್ಳನ್ನು ಏಳು ನಿಮಿಷ ಹಿಂದೆ ಸರಿಸಿದೆ, ಇಳಿದೆ. ಸಾಹೇಬರು ಬಂದು ಗೋಡೆ ಗಡಿಯಾರ ನೋಡಿದರು. ಕೈಗಡಿಯಾರ ನೋಡಿಕೊಂಡರು. ಮತ್ತೆ ಗೋಡೆ ನೋಡಿದರು. ಆಮೇಲೆ ನನ್ನ ಕಣ್ಣೆದುರಿಗೇ ಕೈಗಡಿಯಾರದ ಕೀಲಿ ಎಳೆದು, ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋದರು! ನನಗೆ ನಗು ತಡೆಯಲಾಗಲಿಲ್ಲ, ಒಳಗೆ ಹೋಗಿ ಕಡತಗಳ ಕಪಾಟಿನ ಹಿಂದೆ ನಿಂತು ನಕ್ಕೆ.

ಆ ದಿನವೇ ಸಂಜೆ ಮುಳ್ಳನ್ನು ಸರಿ ಮಾಡಬಹುದಿತ್ತು. ಮಾಡಬೇಕೆಂದೇ ಇದ್ದೆ. ಆದರೆ ಮರುದಿನ ಬೆಳಿಗ್ಗೆ ಆ ಏಳು ನಿಮಿಷ ಎಷ್ಟು ಹಿತವಾಗಿತ್ತೆಂದರೆ — ನಾಳೆ ಮಾಡಿದರಾಯಿತು ಎಂದುಕೊಂಡೆ. ಅದರ ಮರುದಿನ ಈರಣ್ಣನವರು ಬಂದರು.

ಗಡಿಯಾರದ ಈರಣ್ಣ ಎಂದೇ ಅವರಿಗೆ ಹೆಸರು. ನೇಕಾರರ ಮನೆಯವರು, ಮಗ್ಗ ಅಣ್ಣನ ಪಾಲಿಗೆ ಬಂತು, ಇವರು ಹುಬ್ಬಳ್ಳಿಗೆ ಹೋಗಿ ಗಡಿಯಾರದ ಕೆಲಸ ಕಲಿತು ಬಂದರು. ಬಜಾರದಲ್ಲಿ ಗೂಡಿನಂಥ ಅಂಗಡಿ, ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ. ಪ್ರತಿ ದಸರೆಯಲ್ಲಿ ತಾವಾಗಿ ಬಂದು ಪುರಸಭೆಯ ಗಡಿಯಾರ ಇಳಿಸಿ, ಒರೆಸಿ, ಎಣ್ಣೆ ಬಿಟ್ಟು, ಹೂ ಏರಿಸಿ ಹೋಗುತ್ತಿದ್ದರು. ಊರಿನ ಗಡಿಯಾರ, ಊರಿನವನು ನೋಡಿಕೊಳ್ಳಬೇಕು ಎನ್ನುತ್ತಿದ್ದರು.

ಆ ದಿನ ರೇಷನ್ ಕಾರ್ಡಿನ ಅರ್ಜಿಗೆ ಪಡಸಾಲೆಯ ತುಂಬ ಮಂದಿ. ಈರಣ್ಣನವರು ನೇರ ಗೋಡೆಯ ಬಳಿಗೆ ಬಂದರು.

"ಮಾಳಪ್ಪಾ, ಭೋಂಗಾ ಏಳ ಮಿನಿಟ ಹಿಂದ ಐತಲ್ಲೋ. ರೇಡಿಯೋಕ್ಕ ಹಚ್ಚಿ ನೋಡೇನಿ ನಾ."

ಸಾಲಿನಲ್ಲಿದ್ದ ಒಬ್ಬ ಹಿರಿಯ ನೇಕಾರ, "ರೇಡಿಯೋ ಟೈಮ್ ದಿಲ್ಲೀದರೀ ಈರಣ್ಣಾರ, ಭೋಂಗಾ ಟೈಮ್ ನಮ್ಮೂರದು" ಎಂದ. ಎಲ್ಲರೂ ನಕ್ಕರು. ಈರಣ್ಣನವರೂ ನಕ್ಕರು. ಆಮೇಲೆ ಗಡಿಯಾರವನ್ನೇ ನೋಡುತ್ತ ನಿಧಾನಕ್ಕೆ ಹೇಳಿದರು: "ಇದು ತಾನಾಗಿ ಹಿಂದ ಬೀಳೂ ಗಡಿಯಾರಲ್ಲ. ನನ್ನ ಕೈಯಾಗ ಬೆಳದದ್ದು. ಯಾರೋ ಮುಳ್ಳ ಸರಿಸ್ಯಾರ."

ಸಾಹೇಬರು ಒಳಗಿನಿಂದ ತಲೆ ಎತ್ತಿದರು. ಇನ್ನೊಂದು ಮಾತಿಗೆ ಅವಕಾಶ ಕೊಟ್ಟರೆ ನನ್ನ ಕಥೆ ಮುಗಿಯಿತು ಎನ್ನಿಸಿತು. ಆಗ ನಾನು ಅಂದೆ —

"ಈರಣ್ಣಾರ, ವಯಸ್ಸಾತು ನಿಮಗ. ಮೊದಲ ಕಣ್ಣ ತೋರಿಸ್ಕೋರಿ. ಎಂಟ ಯಾವುದು, ಎಂಟಾಗಿ ಏಳ ಮಿನಿಟ ಯಾವುದು ತಿಳೀವಲ್ದಾಗೇತಿ."

ಪಡಸಾಲೆಗೆ ಪಡಸಾಲೆಯೇ ಗೊಳ್ಳೆಂದಿತು. ಸಾಹೇಬರೂ ನಕ್ಕು ತಲೆ ತಗ್ಗಿಸಿದರು. ಈರಣ್ಣನವರು ನನ್ನನ್ನು ಒಂದು ಗಳಿಗೆ ನೋಡಿ ಹೊರಟುಹೋದರು. ನಾನು ಗೆದ್ದೆ ಎಂದುಕೊಂಡೆ. ಅಷ್ಟು ಮಂದಿಯ ಮುಂದೆ ಹಾಗೆ ಅಂದ ಮೇಲೆ ಮುಳ್ಳನ್ನು ಸರಿ ಮಾಡುವುದು ಇನ್ನೆಲ್ಲಿಯ ಮಾತು?

ಊರಿಗೆ ಏಳು ನಿಮಿಷದಿಂದ ಏನೂ ಆಗಲಿಲ್ಲ. ಎಲ್ಲರೂ ಕೂಡಿಯೇ ತಡವಾದರೆ ಯಾರೂ ತಡವಾದ ಹಾಗಲ್ಲ. ಬಸ್ಸುಗಳು ಮೊದಲಿನಿಂದಲೂ ತಮ್ಮ ಮನಸ್ಸಿಗೆ ಬಂದಾಗ ಬರುತ್ತಿದ್ದವು, ಆದ್ದರಿಂದ ಅವು ಸಾಕ್ಷಿ ಹೇಳಲಿಲ್ಲ. ಹುತಾತ್ಮರ ದಿನ ದೇಶವೆಲ್ಲ ಎರಡು ನಿಮಿಷ ಮೌನ ಮುಗಿಸಿ ಕೆಲಸಕ್ಕೆ ಹತ್ತಿದ ಮೇಲೆ ನಮ್ಮ ಊರು ಆ ದಿನಕ್ಕೆಂದೇ ಹೊಡೆದ ಭೋಂಗಾ ಕೇಳಿ ಗಂಭೀರವಾಗಿ ಎದ್ದು ನಿಂತಿತು. ಎಷ್ಟೋ ಮದುವೆಗಳಲ್ಲಿ ಮುಹೂರ್ತ ದಾಟಿದ ಮೇಲೆ ಅಕ್ಷತೆ ಬಿತ್ತು. ಆ ಜೋಡಿಗಳು ಇಂದಿಗೂ ಸುಖವಾಗಿ ಜಗಳಾಡಿಕೊಂಡಿದ್ದಾರೆ. ಆ ವರ್ಷ ಹುಟ್ಟಿದ ಮಕ್ಕಳ ಜಾತಕ ಮಾತ್ರ — ಅವರ ತಾಯಂದಿರ ಕ್ಷಮೆ ಕೇಳುತ್ತೇನೆ.

ಏಟು ಬಿದ್ದದ್ದು ಸರಿಯಿದ್ದ ಒಬ್ಬರಿಗೇ. ಈರಣ್ಣನವರು ರಿಪೇರಿ ಮಾಡಿದ ಗಡಿಯಾರವನ್ನು ರೇಡಿಯೋಕ್ಕೆ ಹಚ್ಚಿ ಕೊಡುತ್ತಿದ್ದರು. ಮನೆಗೆ ಒಯ್ದವರು ಭೋಂಗಾಕ್ಕೆ ನೋಡಿದರೆ ಏಳು ನಿಮಿಷ ಮುಂದೆ. ತಿರುಗಿ ತಂದರೆ ಅವರು, "ಗಡಿಯಾರ ಸರಿ ಐತಿ, ಭೋಂಗಾ ತಪ್ಪೈತಿ" ಎನ್ನುತ್ತಿದ್ದರು. ಮಂದಿ ಹೊರಗೆ ಬಂದು ಕಣ್ಣು ತೋರಿಸಿ ನಗುತ್ತಿದ್ದರು. ನನ್ನ ಮಾತಿಗೆ ಕಾಲು ಬಂದಿತ್ತು, ನನಗಿಂತ ಮುಂದೆ ಓಡುತ್ತಿತ್ತು. ಆ ವರ್ಷದ ದಸರೆಗೆ ಪುರಸಭೆಯ ಗಡಿಯಾರ ಇಳಿಸಲು ಅವರು ಬರಲಿಲ್ಲ. ಪಾಪ, ಅವರು ಬಾದಾಮಿಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಹೋಗಿ ತೋರಿಸಿಕೊಂಡು ಬಂದರು. ಕಣ್ಣು ಚೆನ್ನಾಗಿವೆ ಎಂದು ಡಾಕ್ಟರು ಬರೆದ ಚೀಟಿಯನ್ನು ಅಂಗಡಿಯ ಗಾಜಿಗೆ ಅಂಟಿಸಿದರು. ಊರು ಅದನ್ನು ಓದಿ ಇನ್ನಷ್ಟು ನಕ್ಕಿತು. ನಾನೂ ಹೋಗಿ ಓದಿ ಬಂದೆ. ನಗಲಿಲ್ಲ, ಆದರೆ ಹೇಳಲೂ ಇಲ್ಲ.

ವರ್ಷ ತಿರುಗಿದ ಮೇಲೆ ಒಂದು ಮಧ್ಯಾಹ್ನ ಈರಣ್ಣನವರು ಪಡಸಾಲೆಗೆ ಬಂದರು. ಜೇಬಿನಿಂದ ಯಾರದೋ ಕೈಗಡಿಯಾರ ತೆಗೆದರು. ಗೋಡೆಯ ಗಡಿಯಾರ ನೋಡಿ, ಕೀಲಿ ಎಳೆದು, ಮುಳ್ಳನ್ನು ಏಳು ನಿಮಿಷ ಹಿಂದೆ ತಂದರು.

"ಊರಿಗೆ ಊರ ಒಂದ ಕಡೆ ಐತಿ, ಮಾಳಪ್ಪಾ. ನಾ ಒಬ್ಬಾಂವ ಸರಿ ಇದ್ದು ಏನ ಮಾಡ್ಲಿ? ಹೊಟ್ಟೀ ಪಾಡು" ಎಂದರು.

ಆ ಗಳಿಗೆಯಲ್ಲಿ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಯಾರಿಗೂ ಸಿಕ್ಕಿರಲಾರದು. ನಾನು ಅಂದದ್ದೇನು? "ಆಗ್ಲಿ ಬಿಡ್ರಿ, ತಪ್ಪು ಎಲ್ಲಾರ ಕೈಯಾಗೂ ಆಗ್ತಾವ." ನನ್ನ ತಪ್ಪನ್ನು ಅವರಿಗೆ ಹೊರಿಸಿ, ಮೇಲೆ ಕ್ಷಮೆಯನ್ನೂ ಕೊಟ್ಟು ಕಳಿಸಿದೆ. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವ ಮಾತು ಅದೇ.

ಅದೇ ತಿಂಗಳು ನಾನು ಖಾಯಂ ಆದೆ. ಅವ್ವ ಬೀರಪ್ಪನ ಗುಡಿಗೆ ಹೋಗಿ ಬಂದು ನನ್ನ ಹಣೆಗೆ ಭಂಡಾರ ಬಳಿದಳು. ಆ ಅರಿಶಿನ ಹಣೆಯಲ್ಲಿದ್ದಾಗಲೇ, ಇನ್ನಾದರೂ ಗಡಿಯಾರ ಸರಿ ಮಾಡಬೇಕು ಎಂದು ನಿಶ್ಚಯಿಸಿದೆ. ಆದರೆ ಬಾಯಿ ಬಿಟ್ಟು ಅಲ್ಲ, ಕೈಯಿಂದ! ಸೋಮವಾರಕ್ಕೊಮ್ಮೆ ಕೀಲಿ ಕೊಡುವಾಗ ಮುಳ್ಳನ್ನು ಒಂದೊಂದೇ ನಿಮಿಷ ಮುಂದೆ ತಂದರೆ ಏಳು ವಾರಕ್ಕೆ ಊರು ಸರಿಯಾದ ಹೊತ್ತಿಗೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಂಥ ಉಪಾಯ! ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಆದದ್ದು ಬೇರೆ. ಭೋಂಗಾ ಒಂದು ನಿಮಿಷ ಮುಂದೆ ಬಂದರೆ ಊರಿನ ಗಡಿಯಾರಗಳೆಲ್ಲ ಒಂದು ನಿಮಿಷ ಹಿಂದೆ ಬಿದ್ದಂತೆ ಕಾಣುತ್ತವೆ — ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮಂದಿ ಗಡಿಯಾರ ಕೆಟ್ಟಿತೆಂದು ಈರಣ್ಣನವರ ಅಂಗಡಿಗೆ ಹೊತ್ತೊಯ್ದರು. ಅವರು ಭೋಂಗಾಕ್ಕೆ ಹಚ್ಚಿ ಕೊಟ್ಟರು. ಮುಂದಿನ ಸೋಮವಾರ ಮತ್ತೆ ಒಂದು ನಿಮಿಷ ಹಿಂದೆ. ಮತ್ತೆ ತಂದರು, ಮತ್ತೆ ಹಚ್ಚಿದರು, ಮತ್ತೆ ಹಿಂದೆ. "ಈರಣ್ಣ ಕೈ ಹಾಕಿದ ಗಡಿಯಾರ ಒಂದೂ ನೆಟ್ಟಗ ನಡ್ಯಾಂಗಿಲ್ಲ" ಎಂದಾಯಿತು. ಏಳನೆಯ ಸೋಮವಾರ ಊರು ಸರಿಯಾದ ಹೊತ್ತಿಗೆ ಬಂದು ನಿಂತಿತು. ಈರಣ್ಣನವರ ಅಂಗಡಿ ಮುಚ್ಚಿತು. ಗಾಜಿನ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಅವರು ಇಳಕಲ್ಲಿನ ಮಗಳ ಮನೆಗೆ ಹೋದರು. ನಾನು ಒಪ್ಪಿಕೊಳ್ಳದೆ ಸರಿ ಮಾಡಹೋದದ್ದೇ ಅವರನ್ನು ಪೂರ್ತಿ ಕೆಡಿಸಿತು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಹೊತ್ತು ಅದರಲ್ಲೇ ಕೂತಿತು, ಭೋಂಗಾ ಬೇಡವಾಯಿತು. ನಾನು ನಿವೃತ್ತನಾದೆ. ಬೆಳಿಗ್ಗೆ ಪುರಸಭೆಯ ವಾಚನಾಲಯದಲ್ಲಿ ಹಳೆಯ ನೇಕಾರರ ಜೊತೆ ಪೇಪರು ಓದುತ್ತ ಕೂಡುತ್ತೇನೆ. ಮೊನ್ನೆ ಅಲ್ಲಿ ಯಾರೋ ತಮಾಷೆಗೆ ಒಬ್ಬನಿಗೆ, "ಏ, ಗಡಿಯಾರದ ಈರಣ್ಣ ಆಗೀಯೇನಲೇ, ಕಣ್ಣ ಕಾಣ್ಸೂದಿಲ್ಲೇನು?" ಎಂದರು. ಅಂದವನಿಗೆ ಈರಣ್ಣನವರ ಮುಖವೂ ನೆನಪಿರಲಿಕ್ಕಿಲ್ಲ. ಸುಳ್ಳು ಹೇಳಿದ್ದು ನಾನು, ಊರಿನ ಬಾಯಲ್ಲಿ ಉಳಿದದ್ದು ಅವರ ಹೆಸರು — ಪೇಪರಿನ ಅಕ್ಷರ ಮುಂದೆ ಓದಲಾಗಲಿಲ್ಲ. ಎದ್ದು ಹುನಗುಂದದ ಬಸ್ಸು ಹಿಡಿದೆ. ಅಲ್ಲಿಂದ ಇಳಕಲ್ಲು.

ಅಳಿಯನ ಮಗ್ಗದ ಮಗ್ಗುಲಲ್ಲಿ ಕೂತು ಈರಣ್ಣನವರು ಹರಿದ ರೇಷ್ಮೆ ಎಳೆಗೆ ಗಂಟು ಹಾಕುತ್ತಿದ್ದರು. ಕನ್ನಡಕ ಇರಲಿಲ್ಲ. ನನ್ನನ್ನು ನೋಡಿ, "ಬಾರೋ ಮಾಳಪ್ಪಾ, ಕೂಡು" ಎಂದರು, ಮಗಳನ್ನು ಕರೆದು ಚಹಾ ಹೇಳಿದರು. ಚಹಾ ಬರುವ ಮೊದಲೇ ಎಲ್ಲ ಹೇಳಿದೆ. ಮಿರ್ಚಿ ಭಜಿಯಿಂದ ಏಳನೆಯ ಸೋಮವಾರದ ತನಕ, ಒಂದನ್ನೂ ಬಿಡದೆ. ಅವರು ಎಳೆ ಬಿಡಲಿಲ್ಲ, ತಲೆ ಎತ್ತಲಿಲ್ಲ.

"ಮುಗೀತೇನು?" ಎಂದರು. "ಇದೆಲ್ಲಾ ನನಗ ಗೊತ್ತಿತ್ತಲ್ಲೋ. ಸ್ಟೂಲ್ ಗಡಿಯಾರದ ಕೆಳಗನ ಇತ್ತು ಆವತ್ತ. ಹತ್ತಾಂವ ನೀ ಒಬ್ಬಾವನ."

"ಹಂಗಾದ್ರ ಯಾಕ ಹೇಳ್ಲಿಲ್ರಿ?"

"ಕಣ್ಣಿಲ್ಲದಾಂವ ಕಂಡೇನಿ ಅಂದ್ರ ಯಾರ ನಂಬತಿದ್ರು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ನನಗ ಹೇಳಿ ಏನ ಮಾಡ್ತಿ, ಮಾಳಪ್ಪಾ? ನನಗ ಗೊತ್ತಿದ್ದದ್ದನ್ನ ನನಗ ಹೇಳೂದ್ಯಾಕ? ಊರಿಗೆ ಹೇಳು. ಎಲ್ಲಿ ಅಂದಿದ್ದಿ, ಅಲ್ಲಿ ಹೇಳು."

ಅದಕ್ಕೇ ಇದನ್ನು ಬರೆದೆ. ಈರಣ್ಣನವರ ಕಣ್ಣು ಅಂದೂ ಸರಿಯಿದ್ದವು, ಇಂದೂ ಸರಿ ಇವೆ. ಖಾಯಂ ಆಗಬೇಕಿತ್ತು, ಸಾಹೇಬರು ಕಟ್ಟುನಿಟ್ಟು, ಊರು ನಕ್ಕಿತು — ಇವು ಯಾವುವೂ ನನ್ನ ರಕ್ಷಣೆಗೆ ಬರಬಾರದು. ಬರುವ ಸೋಮವಾರ ಪುರಸಭೆಯ ಪಡಸಾಲೆಯಲ್ಲಿ, ಅರ್ಜಿ ಹಿಡಿದು ನಿಂತ ಮಂದಿಯ ಎದುರಿಗೆ, ಇದನ್ನು ಗಟ್ಟಿಯಾಗಿ ಓದುವವನಿದ್ದೇನೆ. ನಗುವವರು ನಗಲಿ, ಈ ಸಲ ಯಾರನ್ನು ನೋಡಿ ನಗಬೇಕು ಎನ್ನುವುದು ಅವರಿಗೆ ಸರಿಯಾಗಿ ಗೊತ್ತಿರಲಿ. ವಾಚನಾಲಯದ ಗೆಳೆಯರನ್ನೂ ಕರೆದಿದ್ದೇನೆ.

ಇಳಕಲ್ಲಿನಿಂದ ಏಳುವ ಮೊದಲು ಈರಣ್ಣನವರಿಗೂ ಬರಬೇಕೆಂದು ಕೈ ಮುಗಿದೆ. ಅವರು ಆ ಗಂಟು ಬಿಗಿದು, ಎಳೆ ಬಿಟ್ಟು, ತಲೆ ಎತ್ತಿ ನನ್ನ ಮುಖ ನೋಡಿ ನಕ್ಕರು.

"ಬರ್ತೇನಿ. ಆದ್ರ ಎಷ್ಟ ಗಂಟೇಕ್ಕ ಅಂತ ನೀ ಹೇಳಬ್ಯಾಡ. ನಾ ಹೇಳ್ತೇನಿ."

ಹತ್ತಕ್ಕೆ ಎಂದಿದ್ದಾರೆ. ನಾನು ಒಂಬತ್ತೂವರೆಗೇ ಹೋಗಿ ನಿಂತಿರುತ್ತೇನೆ.